ಶಾಶೋ-ಸಾನ್ ಕಲಿತ ಜಪಾನಿ

ಈ ಜೂನ್‌ನಲ್ಲಿ ನಮ್ಮ ಕುಮಟಾ ಕೇಂದ್ರದ ಜಪಾನಿ ತರಗತಿಯ ಮೂರನೇ ಹಂತಕ್ಕೆ ಹತ್ತೊಂಬತ್ತು ಜನ ಸೇರಿದ್ದಾರೆ. ಹತ್ತೊಂಬತ್ತು! ಈಗ ಅಲ್ಲಿ ಪಾಠ ಹೇಳುವವಳು ನಾನೇ. ಮೊದಲ ದಿನ ಹಾಜರಿ ಕರೆಯುವಾಗ ಖುಷಿಗೆ ನನ್ನ ಬಾಯಲ್ಲಿ ಹೆಸರುಗಳೇ ಸರಿಯಾಗಿ ಹೊರಡಲಿಲ್ಲ. ಮೊದಲ ಹಂತಕ್ಕಾದರೆ ಐವತ್ತು ಜನ ಬಂದರೂ ಅದೊಂದು ದೊಡ್ಡ ಸಂಗತಿಯಲ್ಲ. ನಮಸ್ಕಾರ, ಬಣ್ಣ, ವಾರಗಳ ಹೆಸರು, ಒಂದೆರಡು ಹಾಡು, ಇಷ್ಟನ್ನು ಕಲಿಯುವಾಗ ಎಲ್ಲರಿಗೂ ರೆಕ್ಕೆ ಬಂದಿರುತ್ತದೆ. ಎರಡನೇ ಹಂತದಲ್ಲಿ ಆ ರೆಕ್ಕೆ ಉದುರುತ್ತದೆ. ಮೂರನೇ ಹಂತದ ಬಾಗಿಲಿಗೆ ಬರುವಷ್ಟರಲ್ಲಿ ಉಳಿಯುವವರು ಹಟಮಾರಿಗಳು, ಇಲ್ಲವೇ ಬೇರೆ ಕೆಲಸವಿಲ್ಲದವರು. ನಾನು ಯಾವ ಗುಂಪಿನವಳು ಎಂದು ಕೇಳಬೇಡಿ.

ಆ ಹತ್ತೊಂಬತ್ತು ತಲೆಗಳನ್ನು ಎಣಿಸಬೇಕಾಗಿದ್ದವಳು ನಾನಲ್ಲ. ಎಣಿಸುವ ಮನುಷ್ಯ ಬೇರೆ ಒಬ್ಬರಿದ್ದರು. ಬೆರಳು ಮಡಚದೆ, ತುಟಿ ಅಲ್ಲಾಡಿಸದೆ, ಬಾಗಿಲಲ್ಲಿ ನಿಂತು ಬರೀ ಕಣ್ಣಲ್ಲೇ ಇಡೀ ಕೋಣೆ ಎಣಿಸಿ, 'ಆತು' ಎನ್ನುತ್ತಿದ್ದರು. ಕಳೆದ ಮಳೆಗಾಲದ ಕೊನೆಯಲ್ಲಿ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಯಾರಾದರೂ ಹೆಸರು ಹಿಡಿದು ಹೊಗಳಿದರೆ ಅಲ್ಲಿಂದ ಎದ್ದು ಹೋಗುತ್ತಿದ್ದವರು. ನಮಗೆಲ್ಲ ಅವರು ಶಾಶೋ-ಸಾನ್. ಜಪಾನಿಯಲ್ಲಿ ಹಾಗೆಂದರೆ ಕಂಡಕ್ಟರ್ ಸಾಹೇಬರು ಎಂದು ಅರ್ಥ.

ಮೂವತ್ತೊಂದು ವರ್ಷ ಭಟ್ಕಳ–ಕುಮಟಾ ನಡುವಿನ ಕೆಂಪು ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಮನೆ ಮಂಕಿಯಲ್ಲಿ. ದೂರದ ವಿಶ್ವವಿದ್ಯಾಲಯವೊಂದು ಕುಮಟಾದ ಒಂದು ಕಾಲೇಜಿನ ಕೋಣೆಯಲ್ಲಿ ಶನಿವಾರ, ಭಾನುವಾರ ಜಪಾನಿ ಕಲಿಸಲು ಶುರುಮಾಡಿದಾಗ, ಮೊದಲ ದಿನವೇ ರೆಕ್ಸಿನ್ ಚೀಲ ಹೆಗಲಿಗೇರಿಸಿ ಬಂದು ಬಾಗಿಲ ಬಳಿ ನಿಂತರು. ನಮ್ಮ ಸೆನ್ಸೇ, ಅಂದರೆ ಮೇಡಂ, ಪ್ರತಿ ಶುಕ್ರವಾರ ಪುಣೆಯಿಂದ ರೈಲಿನಲ್ಲಿ ಬರುತ್ತಿದ್ದ ಚಿಕ್ಕ ವಯಸ್ಸಿನ ಹೆಂಗಸು. ಯಾರ ಪೋಷಕರು ನೀವು ಎಂದು ಅವರು ಕೇಳಿದ್ದಕ್ಕೆ, ನನಗೆ ನಾನೇ ಪೋಷಕ ಅಂದರಂತೆ. ಅರವತ್ತಕ್ಕೆ ಅರಳು ಮರಳು ಎಂದು ಹಿಂದಿನ ಬೆಂಚಿನವರು ಕಿಸಕ್ಕೆಂದರು. ನಾನೂ ಕಿಸಕ್ಕೆಂದವರಲ್ಲಿ ಒಬ್ಬಳು, ಸುಳ್ಳೇಕೆ ಹೇಳಲಿ.

ಕುಳಿತುಕೊಳ್ಳಿ ಎಂದರೆ ಕೇಳಬೇಕಲ್ಲ? ಹತ್ತು ನಿಮಿಷ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ, ನಿಂತರೆ ಎಂಟು ಗಂಟೆಯೂ ಏನಾಗುವುದಿಲ್ಲ ಎನ್ನುತ್ತಿದ್ದರು. ಇಡೀ ತರಗತಿಯನ್ನು ಕಿಟಕಿಯ ಸರಳು ಹಿಡಿದು ನಿಂತೇ ಕೇಳುವುದು. ಪಾಠ ಕಷ್ಟದ ಜಾಗಕ್ಕೆ ಬಂದರೆ ಕಾಲು ಅಗಲಿಸಿ ಭದ್ರವಾಗಿ ನಿಲ್ಲುತ್ತಿದ್ದರು. ಅದನ್ನು ನೋಡಿ ಸೆನ್ಸೇಗೇ ಪಾಠದ ಮಟ್ಟ ಗೊತ್ತಾಗುತ್ತಿತ್ತು. ಶಾಶೋ-ಸಾನ್ ಕಾಲು ಅಗಲಿಸಿದರೆಂದರೆ ಇನ್ನೊಮ್ಮೆ ವಿವರಿಸುತ್ತಿದ್ದರು.

ಜಪಾನಿ ಎಂತಕ್ಕೆ ಎಂದು ಊರಿಡೀ ಕೇಳಿದರು. ಒಬ್ಬರಿಗೆ ಹೊತ್ತು ಹೋಗಲಿಕ್ಕೆ ಎಂದರು. ಇನ್ನೊಬ್ಬರಿಗೆ ಜಪಾನಿನ ಬಸ್ಸು ನಿಮಿಷಕ್ಕೆ ಸರಿಯಾಗಿ ಹೊರಡುತ್ತದಂತೆ, ಅದು ಹೇಗೆಂದು ಅವರ ಬಾಯಲ್ಲೇ ಕೇಳಬೇಕು ಎಂದರು. ನಿಜವಾದ ಕಾರಣ ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು.

ಅವರು ಕಾಂಜಿ ಕಲಿತ ರೀತಿಯನ್ನು ನಾನು ಈಗಲೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕಾಂಜಿ ಎಂದರೆ ಚಿತ್ರದಂಥ ಅಕ್ಷರ. ಒಂದೊಂದಕ್ಕೂ ಒಂದು ಅರ್ಥ, ಎರಡು ಮೂರು ಉಚ್ಚಾರ. ಎರಡನೇ ಹಂತ ಮುಗಿಯುವಷ್ಟರಲ್ಲಿ ಮುನ್ನೂರು ಬರಬೇಕು, ಮೂರನೆಯದರಲ್ಲಿ ಆರುನೂರು ದಾಟಬೇಕು. ನಾವು ಚೀಟಿ ಬರೆದು ಗೋಡೆಗೆ ಅಂಟಿಸಿ, ಮೊಬೈಲಿನಲ್ಲಿ ಒತ್ತಿ ಒತ್ತಿ ಕಣ್ಣು ಕೆಡಿಸಿಕೊಂಡೆವು. ಶಾಶೋ-ಸಾನ್ ಒಂದು ಚೀಟಿಯನ್ನೂ ಬರೆಯಲಿಲ್ಲ. ಅವರು ಅಕ್ಷರಗಳನ್ನು ಬಸ್ಸು ಹತ್ತಿಸಿದರು. ಭಟ್ಕಳದ ನಿಲ್ದಾಣದಲ್ಲಿ ಹನ್ನೆರಡು, ಶಿರಾಲಿಯಲ್ಲಿ ಹತ್ತು, ಬಸ್ತಿಯಲ್ಲಿ ಎಂಟು, ಮಂಕಿಯಲ್ಲಿ ತಮ್ಮ ಊರೆಂದು ಇಪ್ಪತ್ತು. ಮರದ ಪಕ್ಕ ಮನುಷ್ಯ ನಿಂತಿರುವ ಅಕ್ಷರಕ್ಕೆ ದಣಿವಾರಿಸು ಎಂದು ಅರ್ಥ. ಅದು ಶಿರಾಲಿಯ ಒಂದು ಮರದ ಬುಡದಲ್ಲಿ ಕಾಯುತ್ತಿತ್ತು. ಸೇತುವೆಯ ಅಕ್ಷರಕ್ಕೆ ಶರಾವತಿಯೇ ಇತ್ತು. ನಿಲ್ದಾಣಗಳು ಸಾಲದಾದಾಗ ಮೋರಿ, ಗೂಡಂಗಡಿ, ಬಾವಿಕಟ್ಟೆ ಯಾವುದನ್ನೂ ಬಿಡಲಿಲ್ಲ. ಎರಡು ಅಕ್ಷರ ಸೇರಿ ಒಂದು ಪದವಾಗುವುದು ನಮಗೆಲ್ಲ ತಲೆನೋವು, ಅವರಿಗೆ ಅದು ಒಂದೇ ಸೀಟಿನಲ್ಲಿ ಕೂತ ಇಬ್ಬರು. ಒಂದು ಅಕ್ಷರ ತೋರಿಸಿ, ಇದೇ ಆಸಾಮಿ ಮಂಕಿಯಲ್ಲಿ ಹತ್ತಿದವನ ಜೊತೆ ಕೂತರೆ ಆರ್ಥಿಕತೆ, ಹೊನ್ನಾವರದಲ್ಲಿ ಹತ್ತಿದವನ ಜೊತೆ ಕೂತರೆ ಅನುಭವ, ಸಹವಾಸ ನೋಡಿ ಅರ್ಥ ಹೇಳಬೇಕು ಎಂದು ನನಗೆ ವಿವರಿಸಿದ್ದರು. ಅದು ನೂರಕ್ಕೆ ನೂರು ಸರಿ. ಪಠ್ಯಪುಸ್ತಕದಲ್ಲಿ ಎರಡು ಪುಟ ಬರೆದು ಹೇಳಿದ್ದೂ ಅದನ್ನೇ.

ಈ ವಿದ್ಯೆಯಲ್ಲಿ ಒಂದು ತೊಡಕಿತ್ತು. ಮೊದಲ ಹಂತದ ಪರೀಕ್ಷೆಯಲ್ಲಿ ಅವರ ಉತ್ತರಪತ್ರಿಕೆ ಅರ್ಧ ಖಾಲಿಯಿತ್ತು. ಓದಿಲ್ಲವೇ ಎಂದು ಸೆನ್ಸೇ ಕೇಳಿದರೆ, ಎಲ್ಲಾ ಬರುತ್ತದೆ, ಆದರೆ ಗಂಟೆ ಹೊಡೆಯುವಾಗ ಬಸ್ಸು ಇನ್ನೂ ಹೊನ್ನಾವರದಲ್ಲಿತ್ತು ಎಂದರು. ಆಮೇಲೆ ತಿಳಿದದ್ದು ಇಷ್ಟು: ಪ್ರತಿ ಪ್ರಶ್ನೆಗೂ ಅವರು ಭಟ್ಕಳದಿಂದ ಹೊರಟು, ಎಲ್ಲ ನಿಲ್ದಾಣಗಳಲ್ಲೂ ನಿಂತು, ಬೇಕಾದ ಅಕ್ಷರದ ಜಾಗಕ್ಕೆ ಬರುತ್ತಿದ್ದರು. ನಡುವೆ ಹಾರುವುದು ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಒಂದು ನಿಲ್ದಾಣವನ್ನೂ ಹಾರಿಸದ ಮನುಷ್ಯ ಪರೀಕ್ಷೆಯಲ್ಲಿ ಹೇಗೆ ಹಾರಿಸಿಯಾರು? ಸೆನ್ಸೇ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಇನ್ನು ಮೇಲೆ ಎಕ್ಸ್‌ಪ್ರೆಸ್ ಓಡಿಸಿ ಎಂದರು. ಶಾಶೋ-ಸಾನ್ ಅದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಎರಡನೇ ಹಂತಕ್ಕೆ ಬರುವಾಗ ಎಕ್ಸ್‌ಪ್ರೆಸ್ ಓಡುತ್ತಿತ್ತು, ಅಂಕವೂ ಬಂತು.

ಹೆದ್ದಾರಿ ಅಗಲ ಮಾಡುವವರು ಕರ್ಕಿಯ ಹಳೆಯ ತಂಗುದಾಣ ಕೆಡವಿದ ವಾರ ಅವರ ಮುಖ ನೋಡಬೇಕಿತ್ತು. ಅಲ್ಲಿ ಅವರ ಹದಿನಾಲ್ಕು ಅಕ್ಷರಗಳಿದ್ದವು. ನನ್ನ ಮನೆ ಕರ್ಕಿಯಲ್ಲೇ ಆದ್ದರಿಂದ ಕಣ್ಣಾರೆ ಕಂಡೆ, ಜೆಸಿಬಿಯ ಮುಂದೆ ಚೀಲ ಹಿಡಿದು ನಿಂತಿದ್ದರು. ಎಂತಾತು ಮಾವ ಎಂದರೆ, ಒಳಗಿದ್ದವರನ್ನೆಲ್ಲ ಇಳಿಸಿಕೊಂಡು ಹೊಳೆಯಾಚೆ ಕಳಿಸುತ್ತಿದ್ದೇನೆ ಎಂದರು. ಮುಂದಿನ ಶನಿವಾರ ಹದಿನಾಲ್ಕನ್ನೂ ತಪ್ಪಿಲ್ಲದೆ ಬರೆದು ತೋರಿಸಿದರು.

ಎರಡನೇ ಹಂತ ಮುಗಿದ ಮೇಲೆ ವಿಶ್ವವಿದ್ಯಾಲಯದ ಕಾಗದ ಬಂತು. ಮೂರನೇ ಹಂತಕ್ಕೆ ಕನಿಷ್ಠ ಏಳು ಜನ ಬೇಕು. ಜೂನ್ ಮೊದಲ ಬುಧವಾರದೊಳಗೆ ಏಳು ಅರ್ಜಿ ಬಾರದಿದ್ದರೆ ಕುಮಟಾದಲ್ಲಿ ಜಪಾನಿ ಎರಡನೇ ಹಂತಕ್ಕೇ ಕೊನೆ, ಮೇಡಂ ಬೇರೆ ಊರಿಗೆ. ಎರಡನೇ ಹಂತ ಪಾಸಾದವರು ಒಂಬತ್ತು ಜನ. ಮುಂದುವರಿಯುತ್ತೇವೆ ಎಂದವರು ನಾಲ್ಕು: ಶಾಶೋ-ಸಾನ್, ಕುಮಟಾದ ಔಷಧ ಅಂಗಡಿಯವರೊಬ್ಬರು, ಅಘನಾಶಿನಿಯಿಂದ ಬರುತ್ತಿದ್ದ ಒಬ್ಬ ನರ್ಸ್, ಮತ್ತು ನಾನು.

ನಾಲ್ಕು ಎಂದು ಬರೆದೆ. ನಿಜವಾಗಿ ಮೂರೇ. ನಾನು ಮನಸ್ಸಿನಲ್ಲೇ ಬಿಟ್ಟಾಗಿತ್ತು. ಹೊನ್ನಾವರದ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದ ನನಗೆ ಜಪಾನಿಯಿಂದ ಅನುವಾದ ಮಾಡಿ ಬದುಕಬೇಕೆಂಬ ದೊಡ್ಡ ಆಸೆಯಿತ್ತು. ಎರಡನೇ ಹಂತದ ಪರೀಕ್ಷೆಯಲ್ಲಿ ಹವಾಮಾನದ ಬಗ್ಗೆ ಒಂದು ಪುಟಾಣಿ ಪತ್ರಿಕಾ ಸುದ್ದಿ ಕೊಟ್ಟಿದ್ದರು. ಐದೇ ಸಾಲು. ಮಳೆ ಬರುತ್ತದೋ ಇಲ್ಲವೋ ಎಂಬುದೂ ನನಗೆ ಗೊತ್ತಾಗಲಿಲ್ಲ. ಎರಡು ವರ್ಷ ಓದಿ ಮಳೆಯೂ ಗೊತ್ತಾಗದ ಮೇಲೆ ಏನು ಅನುವಾದ, ಏನು ಬದುಕು! ಹೇಗೋ ಪಾಸಾದೆ, ನಾಚಿಕೆಯಾಯಿತು. ಅರ್ಜಿ ತುಂಬಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಶಾಶೋ-ಸಾನ್ ಮಾತ್ರ ಉಳಿದ ಮೂವರನ್ನು ಹುಡುಕಲು ಹೊರಟೇಬಿಟ್ಟರು. ಬಿಟ್ಟುಹೋದವರ ವಿಳಾಸ ಯಾರ ಬಳಿಯೂ ಇರಲಿಲ್ಲ. ಆದರೆ ಯಾರು ಯಾವ ನಿಲ್ದಾಣದಲ್ಲಿ ಯಾವ ಬಸ್ಸಿಗೆ ಹತ್ತುತ್ತಿದ್ದರು ಎಂಬುದು ಅವರ ತಲೆಯಲ್ಲಿ ಅಚ್ಚೊತ್ತಿತ್ತು. ಕುಮಟಾ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರನ್ನು ಮೊದಲು ಹಿಡಿದರು. ರೈಲಿನವರ ಕಾಲು ಹಿಡಿಯುವ ಕಾಲ ಬಂತಲ್ಲ ಎಂದು ಗೊಣಗುತ್ತಲೇ ಹೋದರಂತೆ. ನಿಮ್ಮ ರೈಲು ಮೂರನೇ ಸ್ಟೇಷನ್ನಿನಲ್ಲಿ ಎಲ್ಲರನ್ನೂ ಇಳಿಸಿ ಹಿಂದೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಆ ಮನುಷ್ಯ ಅಲ್ಲೇ ಅರ್ಜಿಗೆ ಸಹಿ ಹಾಕಿದ. ಮುಟ್ಟಳ್ಳಿಯ ಒಬ್ಬ ಇಂಜಿನಿಯರ್ ಹುಡುಗನನ್ನು ಅವನ ಗದ್ದೆಯ ಬದುವಿನಲ್ಲೇ ಹೋಗಿ ಒಪ್ಪಿಸಿದರು. ಉಳಿದವಳು ಭಟ್ಕಳದ ಹುಡುಗಿ. ಕಂಪ್ಯೂಟರ್ ಓದಿದವಳು, ನಮ್ಮೆಲ್ಲರಿಗಿಂತ ಚುರುಕು. ಮನೆಗೆ ಹೋಗಿ ತಾಯಿಯ ಹತ್ತಿರ ಮಾತಾಡಬೇಕು, ಹೆಂಗಸರೊಬ್ಬರು ಜೊತೆಗಿದ್ದರೆ ಒಳ್ಳೆಯದು ಎಂದು ನನ್ನನ್ನು ಕರೆದರು. ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಭಾನುವಾರ ಬೆಳಿಗ್ಗೆ ಇಬ್ಬರೂ ಹೋದೆವು.

ಆ ಮನೆಯಲ್ಲಿ ಭಟ್ಕಳದ ನವಾಯತ ಮುಸ್ಲಿಮರ ಭಾಷೆಯಾದ ನವಾಯತಿ ಮಾತಾಡುತ್ತಾರೆ. ತಾಯಿಗೆ ಕನ್ನಡ ಅಷ್ಟಕ್ಕಷ್ಟೆ. ನಮ್ಮ ಶಾಶೋ-ಸಾನ್ ಇದ್ದಾರಲ್ಲ, ಕನ್ನಡದ ಹೊರತಾಗಿ ಐದು ಭಾಷೆ ಬರುತ್ತದೆ ಎಂದು ನಾನು ಧೈರ್ಯದಿಂದಿದ್ದೆ. ಬಸ್ಸಿನಲ್ಲಿ ಅವರು ಕೊಂಕಣಿಯವರಿಗೆ ಕೊಂಕಣಿ, ನವಾಯತರಿಗೆ ನವಾಯತಿ, ಉಳಿದವರಿಗೆ ಉರ್ದು, ಮರಾಠಿ, ಹವ್ಯಕರಿಗೆ ಅವರದೇ ಮಾತು ಆಡುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಮಾತು ಶುರುವಾಯಿತು. ಕ್ಷೇಮ ಸಮಾಚಾರವೂ ಮುಗಿಯುವ ಮೊದಲೇ ಶಾಶೋ-ಸಾನ್ ಬಳಿ ನವಾಯತಿ ಖಾಲಿಯಾಯಿತು. ಹಣೆಯಲ್ಲಿ ಬೆವರು. ಕೊನೆಗೆ ತಮ್ಮ ಹತ್ತಿರ ಇದ್ದ ಸರಕನ್ನೇ ಹೊರಗೆ ತೆಗೆದರು. ಅರ್ಧ ದಾರಿಯಲ್ಲಿ ಇಳಿಯಬೇಡಿ. ಮುಂದೆ ಜಾಗ ಇದೆ, ಮುಂದೆ ಹೋಗಿ. ಹೆದರಬೇಡಿ, ನಾನು ಹಿಂದೆ ಇದ್ದೇನೆ. ಇಷ್ಟನ್ನೇ ಮಗಳ ಕಡೆ ಕೈ ತೋರಿಸುತ್ತ ತಿರುಗಿಸಿ ಮುರುಗಿಸಿ ಹೇಳಿದರು. ತಾಯಿ ಸೆರಗು ಬಾಯಿಗೆ ಒತ್ತಿ ನಗಲು ಶುರುಮಾಡಿದರು. ಈ ದನಿ ನನಗೆ ಗೊತ್ತು, ಇವಳು ಎಳೆಗೂಸಾಗಿದ್ದಾಗ ಇವರ ಬಸ್ಸಿನಲ್ಲೇ ಹೊನ್ನಾವರದ ಡಾಕ್ಟರ ಹತ್ತಿರ ಹೋಗುತ್ತಿದ್ದೆ, ನಾನು ಕೂತ ಮೇಲೆಯೇ ಸೀಟಿ ಊದುತ್ತಿದ್ದರು ಎಂದು ಅವರು ಹೇಳಿದ್ದನ್ನು ಮಗಳು ನಮಗೆ ಕನ್ನಡದಲ್ಲಿ ಹೇಳಿದಳು. ಚಹಾ ಬಂತು, ಬಿಸ್ಕೀಟು ಬಂತು, ಅರ್ಜಿಗೆ ಸಹಿಯೂ ಬಂತು.

ವಾಪಸು ಬರುವಾಗ ನಾನು ಕುಣಿಯುವುದೊಂದು ಬಾಕಿ. ಏಳಾಯಿತಲ್ಲ ಮಾವ ಎಂದು ಶಿರಾಲಿಯ ತನಕ ಹತ್ತು ಸಲ ಹೇಳಿದ್ದೆ. ಆಮೇಲೆ ನನ್ನ ಅರ್ಜಿಯ ನೆನಪಾಗಿ ಬಾಯಿ ಮುಚ್ಚಿದೆ. ಶಾಶೋ-ಸಾನ್ ತಮ್ಮ ಮಂಕಿ ಬಂದರೂ ಇಳಿಯದೆ ನನ್ನ ಸೀಟಿನ ಪಕ್ಕ ಕಂಬ ಹಿಡಿದು ನಿಂತಿದ್ದರು. ಬಸ್ಸು ಶರಾವತಿ ಸೇತುವೆಗೆ ಬಂದಾಗ ಬಗ್ಗಿ, ಪಕ್ಕದವರಿಗೆ ಕೇಳಿಸದ ದನಿಯಲ್ಲಿ ಹೇಳಿದರು:

"ಟಿಕೆಟ್ ತೆಗೀದೆ ಕೂತವ್ರ ಮುಖ ನಂಗೆ ಗೊತ್ತಾಗ್ತದೆ ತಂಗಿ. ಅವ್ರು ಕಿಟಕಿ ಹೊರಗೇ ಜಾಸ್ತಿ ನೋಡೂದು."

ನಾನು ಹೊಳೆಯನ್ನೇ ನೋಡುತ್ತಿದ್ದೆ. ಮುಖ ತಿರುಗಿಸಲು ಆಗಲಿಲ್ಲ. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಕಾಗದ ಬಂದ ದಿನವೇ ಎಂದರು. ಮತ್ತೆ ಎಂತಕ್ಕೆ ನನ್ನನ್ನು ಭಟ್ಕಳದ ತನಕ ಕರೆದುಕೊಂಡು ಹೋದಿರಿ ಎಂದು ನನಗೆ ಸಿಟ್ಟೇ ಬಂತು, ಅಳುವೂ ಬಂತು. ಹವಾಮಾನದ ಆ ಐದು ಸಾಲಿನ ಕಥೆ ಹೇಳಿದೆ. ನನ್ನಿಂದಾಗುವುದಿಲ್ಲ, ನನ್ನನ್ನು ಇಳಿಸಿಬಿಡಿ ಎಂದೆ.

"ನಾ ಯಾರನ್ನೂ ಇಳಿಸ್ದವ ಅಲ್ಲ. ಟಿಕೆಟ್ ಕೊಡೂದು ನನ್ ಕೆಲ್ಸ," ಎಂದರು. ಮತ್ತೆ, "ಇವತ್ತು ಆ ಮನೇಲಿ ನೋಡಿದ್ಯಲ್ಲ? ಐದು ಭಾಷೆ ಬರ್ತದೆ ಹೇಳಿ ಊರೆಲ್ಲಾ ಹೇಳೂದು. ಹತ್ತಿ, ಇಳೀರಿ, ಮುಂದೆ ಹೋಗಿ. ಅಷ್ಟೇ ಬರೂದು ನಂಗೆ. ಒಂದ್ರಲ್ಲೂ ಮನೆ ಒಳಗೆ ಕೂತು ಮಾತಾಡೂಕೆ ಬರೂದಿಲ್ಲ. ಕನ್ನಡದಲ್ಲೂ ನಾ ಹೆಚ್ಚು ಮಾತಾಡ್ದವ ಅಲ್ಲ. ಸಾಯೂದ್ರೊಳಗೆ ಒಂದ್ ಭಾಷೇಲಿ ಒಂದ್ ಉದ್ದ ಮಾತು ಆಡ್ಬೇಕು. ಎರಡನೇ ಹಂತಕ್ಕೇ ನಿಂತ್ರೆ ನಂಗೆ ಇದೂ ಒಂದ್ ಬಸ್ ಭಾಷೆ ಆಗ್ತದೆ," ಎಂದರು.

ಅಷ್ಟು ಉದ್ದವಾಗಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸೋಮವಾರ ಬೆಳಿಗ್ಗೆ ಶಾಲೆಗೆ ಅರ್ಧ ದಿನ ರಜೆ ಹಾಕಿ ಕುಮಟಾಕ್ಕೆ ಹೋಗಿ ಅರ್ಜಿ ಕೊಟ್ಟೆ. ಅವರು ಕೊಟ್ಟೆಯಾ ಎಂದು ಒಂದು ಸಲವೂ ಕೇಳಲಿಲ್ಲ.

ಮೂರನೇ ಹಂತದ ಆ ವರ್ಷದಷ್ಟು ಖುಷಿಯಾಗಿ ನಾನು ಬೇರೆ ಯಾವ ವರ್ಷವನ್ನೂ ಕಳೆದಿಲ್ಲ. ಏಳೇ ಜನ, ಒಂದು ಫ್ಯಾನು, ಒಂದು ಪತ್ರಿಕೆಯ ತುಣುಕು. ಜಪಾನಿನ ಗುಡ್ಡದ ಮೇಲಿನ ಹಳ್ಳಿಯೊಂದಕ್ಕೆ ಬಸ್ಸು ನಿಂತುಹೋಗಿ, ಊರವರೇ ಸೇರಿ ಒಂದು ವ್ಯಾನು ಓಡಿಸುತ್ತಿದ್ದ ಸುದ್ದಿ. ಒಂದು ಪುಟ ಓದಲು ನಾಲ್ಕು ಭಾನುವಾರ ಬೇಕಾಯಿತು. ಒಂದು ವಾಕ್ಯದ ಬಾಲ ಹಿಡಿದು ತಲೆ ಹುಡುಕುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಶಾಶೋ-ಸಾನ್‌ಗೆ ಆ ವ್ಯಾನು ಎಷ್ಟು ಗಂಟೆಗೆ ಹೊರಡುತ್ತದೆ, ಮುದುಕಿಯರು ಎಲ್ಲಿ ಹತ್ತುತ್ತಾರೆ, ಎಲ್ಲಾ ತಿಳಿಯಲೇಬೇಕು. ನಾವು ಒಂದು ಪದವನ್ನು ಅಂದಾಜಿನಲ್ಲಿ ದಾಟಿಸಲು ನೋಡಿದರೆ ತಡೆದು ನಿಲ್ಲಿಸುತ್ತಿದ್ದರು. ನಾಲ್ಕನೇ ಭಾನುವಾರ ಕೊನೆಯ ವಾಕ್ಯವನ್ನು ನಾನು ಓದಿ ಮುಗಿಸಿದೆ. ಓದಿದ್ದು ಮಾತ್ರವಲ್ಲ, ಆ ವ್ಯಾನು ಗುಡ್ಡ ಇಳಿಯುವುದು ನನಗೆ ಕಂಡಿತು. ಶಾಶೋ-ಸಾನ್ ಬಾಗಿಲಿಗೆ ಅಂಗೈಯಿಂದ ಎರಡು ಸಲ ಬಡಿದು, "ರೈಟ್!" ಎಂದು ಕೂಗಿದರು. ಪಕ್ಕದ ಕೋಣೆಯ ಕಾಮರ್ಸ್ ಮಾಸ್ತರರು ಓಡಿ ಬಂದರು.

ವರ್ಷದ ಕೊನೆಗೆ ಮೌಖಿಕ ಪರೀಕ್ಷೆ. ಗೋಡೆಯ ದೊಡ್ಡ ಪರದೆಯ ಮೇಲೆ ವಿಶ್ವವಿದ್ಯಾಲಯದಿಂದ ಜಪಾನಿನ ಒಬ್ಬ ಹಿರಿಯ ಪರೀಕ್ಷಕಿ. ಚೀಟಿ ಎತ್ತಿ, ಬಂದ ವಿಷಯದ ಮೇಲೆ ಮೂರು ನಿಮಿಷ ಮಾತಾಡಬೇಕು. ಒಬ್ಬರು ಮಾತಾಡುವಾಗ ಮುಂದಿನವರು ಅದೇ ಕೋಣೆಯ ಹಿಂದಿನ ಬೆಂಚಿನಲ್ಲಿ ಕಾಯಬೇಕು. ಶಾಶೋ-ಸಾನ್ ಆದ ಮೇಲೆ ನನ್ನ ಸರದಿ. ಅವರಿಗೆ ಬಂದ ಚೀಟಿ: ಮರೆಯಲಾಗದ ಪ್ರಯಾಣ. ನಾನು ಒಳಗೊಳಗೇ ನಕ್ಕೆ. ದಿನಕ್ಕೆ ನಾಲ್ಕು ಸಲ ಅದೇ ದಾರಿಯಲ್ಲಿ ಮೂವತ್ತೊಂದು ವರ್ಷ ಓಡಾಡಿದವರು ಯಾವುದನ್ನೆಂದು ಆರಿಸುತ್ತಾರೆ?

ಅವರು ಪರದೆಗೆ ತಲೆ ಬಾಗಿಸಿ ಶುರುಮಾಡಿದರು. ಸಣ್ಣ ಸಣ್ಣ ವಾಕ್ಯಗಳು, ಆತುರವಿಲ್ಲ, ಎಲ್ಲೂ ನಿಲ್ಲಲಿಲ್ಲ. ಕನ್ನಡದಲ್ಲಿ ಬರೆದರೆ ಅದು ಹೀಗಾಗುತ್ತದೆ:

ನಾನು ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಮದುವೆಯಾಗಿ ಏಳು ತಿಂಗಳು. ಒಂದು ದಿನ ನನ್ನ ಹೆಂಡತಿ ಮಂಕಿಯಲ್ಲಿ ನನ್ನ ಬಸ್ಸು ಹತ್ತಿದಳು. ಹಳದೀಪುರದ ತವರಿಗೆ ಹೊರಟಿದ್ದಳು. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು. ಹೆಂಡತಿಯನ್ನು ಟಿಕೆಟ್ ಇಲ್ಲದೆ ಕೂರಿಸಿದ ಎಂದು ಜನ ಆಡಿಕೊಂಡಾರು ಎಂದು ನನಗೆ ಹೆದರಿಕೆಯಾಯಿತು. ಹೋಗಿ, ಎಲ್ಲರಿಗೂ ಕೇಳಿಸುವ ಹಾಗೆ, ಎಲ್ಲಿಗೆ ಎಂದು ಕೇಳಿದೆ. ಗುರುತಿಲ್ಲದವರನ್ನು ಕೇಳುವ ಹಾಗೆ ಕೇಳಿದೆ. ಎರಡು ಸಲ ಕೇಳಿದೆ. ಅವಳು ಹಳದೀಪುರ ಎಂದಳು. ಟಿಕೆಟ್ ಕೊಟ್ಟೆ. ಅವಳು ಆ ಟಿಕೆಟನ್ನು ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿ ಎತ್ತಿ ಹಿಡಿದು ಕೂತಳು. ಆಮೇಲೆ ಎಂದೂ ನನ್ನ ಬಸ್ಸು ಹತ್ತಲಿಲ್ಲ. ಮನೆಗೆ ಬಂದವರಿಗೆಲ್ಲ ಅವಳು ಈ ಕಥೆಯನ್ನು ನಗುತ್ತ ಹೇಳುತ್ತಾಳೆ. ನಾನೂ ನಗುತ್ತೇನೆ. ಆದರೆ ಒಂದು ಮಾತು ಅವಳಿಗೆ ಗೊತ್ತಿಲ್ಲ. ಆ ದಿನ ನನಗೆ ಬಹಳ ಸಂತೋಷವಾಗಿತ್ತು. ನಾನು ಹಿಂದೆ ನಿಂತು, ಡ್ರೈವರನ ಮುಂದಿನ ದೊಡ್ಡ ಕನ್ನಡಿಯಲ್ಲಿ ಅವಳ ಮುಖವನ್ನು ಹಳದೀಪುರದವರೆಗೂ ನೋಡಿದೆ. ಅಷ್ಟು ಚಂದದ ಪ್ರಯಾಣಿಕರು ನನ್ನ ಬಸ್ಸಿಗೆ ಮತ್ತೆ ಬರಲಿಲ್ಲ. ಇದನ್ನು ನಾನು ಇವತ್ತು ಮೊದಲ ಸಲ ಹೇಳುತ್ತಿದ್ದೇನೆ.

ಮೂರು ನಿಮಿಷ ಎಂದೋ ಮುಗಿದಿತ್ತು. ಪರೀಕ್ಷಕಿ ಗಡಿಯಾರ ನೋಡಲಿಲ್ಲ. ಕನ್ನಡಕ ತೆಗೆದು ಕಣ್ಣೊತ್ತಿಕೊಂಡು, ಎದ್ದು ನಿಂತು ತಲೆ ಬಾಗಿಸಿದರು. ನನಗೆ ಆಗ ಗೊತ್ತಾಯಿತು. ಅಷ್ಟು ಹೊತ್ತೂ ನಾನು ಒಂದು ಪದವನ್ನೂ ಕನ್ನಡಕ್ಕೆ ತಿರುಗಿಸಿಕೊಂಡಿರಲಿಲ್ಲ. ಜಪಾನಿಯಲ್ಲೇ ಕೇಳಿದ್ದೆ, ಜಪಾನಿಯಲ್ಲೇ ಆ ಬಸ್ಸಿನಲ್ಲಿ ಕೂತಿದ್ದೆ. ನನಗೆ ಭಾಷೆ ಬಂದಿತ್ತು! ಆ ಸಂಭ್ರಮದಲ್ಲಿ ನನ್ನ ಚೀಟಿಗೆ ಏನು ಮಾತಾಡಿದೆನೋ ದೇವರಿಗೇ ಗೊತ್ತು, ಪಾಸಂತೂ ಆದೆ.

ಸಂಜೆ ನಾಲ್ಕರ ಬಸ್ಸಿಗೆ ಅವರ ಜೊತೆ ಮಂಕಿಗೆ ಹೋದೆ. ಪರೀಕ್ಷೆ ಮುಗಿದ ದಿನ ಚಹಾಕ್ಕೆ ಬರಲೇಬೇಕೆಂದು ಅವರ ಹೆಂಡತಿ, ನನ್ನ ಬಾಯಲ್ಲಿ ಅತ್ತೆ, ಮೊದಲೇ ಹೇಳಿ ಕಳಿಸಿದ್ದರು. ಅತ್ತೆ ಮಾತಿನ ಮಲ್ಲಿ. ಗಂಡ ಮೂರು ವರ್ಷದಿಂದ ಕಲಿಯುತ್ತಿರುವುದನ್ನು ಬೇಕೆಂದೇ ಚೀನಾ ಭಾಷೆ ಎಂದು ಕರೆಯುತ್ತಿದ್ದರು. ಅವಲಕ್ಕಿಯ ತಟ್ಟೆ ನನ್ನ ಮುಂದಿಟ್ಟು, ಇವರು ಪರೀಕ್ಷೆಯಲ್ಲಿ ಎಂತ ಹೇಳಿದರು, ನಂಗೂ ಸ್ವಲ್ಪ ಹೇಳು ಎಂದರು.

ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ಶಾಶೋ-ಸಾನ್ ಕೆಂಪಾದರು. ಬೇಡ, ದಯವಿಟ್ಟು ಹೇಳಬೇಡ ಎಂದು ನನಗೆ ಜಪಾನಿಯಲ್ಲಿ ಅಂದರು. ಅತ್ತೆಯ ಎದುರಿಗೇ ಗುಟ್ಟು! ನಾನೂ ಜಪಾನಿಯಲ್ಲೇ ಉತ್ತರ ಕೊಟ್ಟೆ. ಪರದೆಯ ಮೇಲಿನ ಗುರುತಿಲ್ಲದ ಹೆಂಗಸಿಗೆ ಹೇಳಿದ ಮಾತು ಇದು. ಯಾರಿಗೆ ಸೇರಬೇಕಾದದ್ದೋ ಅವರು ಇಲ್ಲಿ ಚಹಾ ಸೋಸುತ್ತಿದ್ದಾರೆ. ನಿಮಗೆ ಕನ್ನಡದಲ್ಲಿ ಹೇಳಲು ಬಾರದಿದ್ದರೆ ನಾನು ಹೇಳುತ್ತೇನೆ. ಅತ್ತೆ ಇಬ್ಬರ ಮುಖವನ್ನೂ ನೋಡುತ್ತಿದ್ದರು. ಶಾಶೋ-ಸಾನ್ ಕಾಲು ಅಗಲಿಸಿ ನಿಂತರು.

"ಆತು. ಹೇಳು," ಎಂದರು ಕನ್ನಡದಲ್ಲಿ. "ಒಂದ್ ಮಾತೂ ಬಿಡ್ಬೇಡ. ಒಂದ್ ಮಾತೂ ಸೇರ್ಸಬೇಡ."

ಈಗ ಅನುವಾದವೇ ನನ್ನ ಹೊಟ್ಟೆಪಾಡು. ಯಾರಾದರೂ ನಿಮ್ಮ ಮೊದಲ ಅನುವಾದ ಯಾವುದು ಎಂದು ಕೇಳಿದರೆ ಒಂದು ಯಂತ್ರದ ಕೈಪಿಡಿಯ ಹೆಸರು ಹೇಳುತ್ತೇನೆ. ಅದು ಸುಳ್ಳು. ನನ್ನ ಮೊದಲ ಅನುವಾದ ಮಂಕಿಯ ಆ ಜಗಲಿಯಲ್ಲಿ ಆದದ್ದು. ಮೊದಲಿಂದ ಕೊನೆಯವರೆಗೆ, ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಹೇಳಿದೆ. ಟಿಕೆಟ್ಟಿನ ಭಾಗ ಬಂದಾಗ ಅತ್ತೆ ರೂಢಿಯಂತೆ ನಗಲು ಬಾಯಿ ತೆರೆದರು. ಕನ್ನಡಿಯ ಭಾಗ ಬಂದಾಗ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

ಆಮೇಲೆ ಅತ್ತೆ ಕೇಳಿದ್ದು ಒಂದೇ. "ಆ ಟಿಕೆಟ್ಟಿನ ಸಿಟ್ಟಿಗೇ ನಾ ಮತ್ತೆ ಬಸ್ ಹತ್ತಲಿಲ್ಲ ಹೇಳಿ ತಿಳ್ಕಂಡಿದ್ರಾ, ಇಷ್ಟ್ ವರ್ಷ?" ಎಂದು ಗಂಡನನ್ನು. ಶಾಶೋ-ಸಾನ್ ಹೌದೆಂದು ತಲೆಯಾಡಿಸಿದರು.

"ಆ ಕನ್ನಡಿಲಿ ನಂಗೂ ನೀವು ಕಾಣ್ತಿದ್ರಿ," ಎಂದರು ಅತ್ತೆ. "ಕರ್ಕಿಲಿ ನಾಲ್ಕ್ ಜನ ಹತ್ತಿದ್ರು. ಒಬ್ರಿಗೂ ನೀವು ಟಿಕೆಟ್ ಕೊಡ್ಲಿಲ್ಲ. ಕನ್ನಡಿ ನೋಡ್ತಾ ನಿಂತ್ರಿ. ಇನ್ನೊಂದ್ ಸಲ ನಾ ಆ ಬಸ್ ಹತ್ತಿದ್ರೆ ನಿಮ್ ಕೆಲ್ಸ ಹೋಗ್ತಿತ್ತು."